ಬೇವಿನ ಸೊಪ್ಪಿನ ಗಾಡಿಯೂ ಪುಟ್ಟನಂಜಮ್ಮನ ಬಲಗಣ್ಣೂ

ತಿಗನಾರೆಯ ಪುಟ್ಟನಂಜಮ್ಮನ ಗಂಟಲು ಎಂಥದ್ದು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅವಳು ಕೋಸಿನ ಹೊಲದ ಈ ಬದುವಿನಲ್ಲಿ ನಿಂತು ಒಂದು ಕೂಗು ಹಾಕಿದರೆ ಆಚೆ ಹೊಲದಲ್ಲಿ ಮೇಯುವ ದನಗಳೆಲ್ಲ ಒಟ್ಟಿಗೆ ತಲೆ ಎತ್ತುತ್ತವೆ. ನನ್ನ ಗೂಡ್ಸ್ ಗಾಡಿಯ ಹಾರನ್ ಕೆಟ್ಟಾಗ, ಇವಳನ್ನೇ ಮುಂದೆ ಕೂರಿಸಿಕೊಂಡು ದಿಂಬಂ ಘಾಟಿ ಇಳಿದುಬಿಡು ಅಂತ ಊರವರು ನನಗೆ ಹೇಳುತ್ತಿದ್ದರು. ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳೂ ಅವಳೇ.

ಹುಟ್ಟಿದ್ದು ಗೆಟ್ಟವಾಡಿಯಲ್ಲಿ. ಮದುವೆಯಾಗಿ ತಿಗನಾರೆಗೆ ಬಂದಳು. ಕಳೆ ಕೀಳುವುದು, ಅರಿಶಿನ ಅಗೆಯುವುದು, ಕೋಸು ಕೊಯ್ಯುವುದು, ಯಾವ ಕೂಲಿಯಾದರೂ ಸರಿ, ಅವಳು ಮುಂದೆ, ಉಳಿದ ಹೆಂಗಸರು ಅವಳ ಹಿಂದೆ. ನಾನು ಲೋಡಿಗೆ ತಡವಾಗಿ ಹೋದರೆ ನನ್ನ ವಂಶವನ್ನೆಲ್ಲ ಎಣಿಸಿ ಬೈಯುತ್ತಿದ್ದಳು. ನನಗೆ ಸಿಟ್ಟು ಬೇಗ ಬರುತ್ತದೆ, ಊರಿಗೆಲ್ಲ ಗೊತ್ತು. ಆದರೆ ಅವಳ ಬೈಗುಳಕ್ಕೆ ಮಾತ್ರ ನಗು ಬರುತ್ತಿತ್ತು, ಏನು ಮಾಡುವುದು!

ಹೋದ ವರ್ಷ ರಾಗಿ ತೆನೆ ಕಟ್ಟುವ ಹೊತ್ತಿಗೆ ಅವಳ ಗಂಡ ಮುರುಗನಿಗೆ ಆನೆ ಹೊಡೆಯಿತು. ಬೆಳಗಾಯಿತು ಅಂತ ಮರದ ಮೇಲಿನ ಕಾವಲಿನ ಅಟ್ಟಣೆಯಿಂದ ಇಳಿದು ಬರುತ್ತಿದ್ದವನನ್ನು ಒಂಟಿ ಸಲಗ ಸೊಂಡಿಲಲ್ಲಿ ಎತ್ತಿ ಒಗೆಯಿತು. ಜೀವ ಉಳಿಯಿತು, ಸೊಂಟ ಮುರಿಯಿತು. ಅಂದಿನಿಂದ ಅವನು ಕೋಲು ಹಿಡಿದ. ಅವನ ಬದಲು ಅಟ್ಟಣೆ ಹತ್ತಿದವಳು ಪುಟ್ಟನಂಜಮ್ಮ. ರಾತ್ರಿಯೆಲ್ಲ ಕಾವಲು, ಹಗಲೆಲ್ಲ ಕೂಲಿ. ನಿದ್ದೆ ಯಾವಾಗಕ್ಕಾ ಅಂತ ಯಾರಾದರೂ ಕೇಳಿದರೆ, "ಆನ ಮಲಗ್ದಾಗ ನಾನೂ ಮಲಗ್ತೀನಿ ಬುಡು" ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಆ ಮಾತಿನಲ್ಲಿ ನಗುವಂಥದ್ದು ಏನಿತ್ತು ಅಂತ ಈಗ ಯೋಚನೆ ಬರುತ್ತದೆ.

ಒಂದು ಬೆಳಿಗ್ಗೆ ಚಾಮರಾಜನಗರದ ಮಂಡಿಗೆ ಲೋಡು ಹೋಗಬೇಕಿತ್ತು. ಹೊಲಕ್ಕೆ ಗಾಡಿ ಬಿಟ್ಟೆ. ಹೆಂಗಸರೆಲ್ಲ ಬಂದಿದ್ದಾರೆ, ಅರ್ಧ ಕೋಸು ಏರಿದೆ, ಹೊಲದಲ್ಲಿ ಮಾತ್ರ ಸದ್ದಿಲ್ಲ. ಪುಟ್ಟನಂಜಮ್ಮ ಇಲ್ಲ.

"ಎಲ್ಲವ್ವಾ ನಿಮ್ಮ ಯಜಮಾನಿ?" ಅಂದೆ.

ಜೊತೆಯಲ್ಲಿ ಕೂಲಿ ಮಾಡುವ ಕವಿತ ನೆಲ ನೋಡುತ್ತಾ ಹೇಳಿದಳು: "ಅಕ್ಕನ್ಗ ಅಮ್ಮ ಆಗ್ಯದಂತ ದಯಣ್ಣ."

"ಯಾವಮ್ಮ? ಚಿಕ್ಕೋಳಾಗಿದ್ದಾಗ್ಲೇ ಆಗಿತ್ತು ಅಂತಿದ್ಳಲ್ಲ. ಒಂದ್ಸಲ ಬಂದೋದ ಅಮ್ಮ ಮತ್ತ ಬತ್ತಳಾ?"

"ನನ್ನ್ಯಾಕ ಕೇಳೀರಿ? ಬಾಗ್ಲುಗ ಬೇವ್ನ ಸೊಪ್ಪು ಕಟ್ಟವ್ರ. ಒಂದ್ ವಾರ್ದಿಂದ ತಲ ಉರೀತದ, ಬಾಚಣ್ಗ ತಾಕುದ್ರ ಬೆಂಕಿ ಇಟ್ಟಂಗಾಯ್ತದ ಅಂತಿತ್ತು ಅಕ್ಕ. ಬಿಸ್ಲು ಬಡ್ದದ ಅನ್ಕಂಡೋ. ನೆನ್ನ ಗುಳ್ಳ ಎದ್ದವ."

ನಮ್ಮ ಕಡೆ ಸಿಡುಬಿನ ಗುಳ್ಳೆ ಎದ್ದು ಅಮ್ಮ ಆದರೆ ಮದ್ದು ಕೊಡುವುದಿಲ್ಲ, ಆಸ್ಪತ್ರೆಗೆ ಒಯ್ಯುವುದಿಲ್ಲ. ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಅರಿಶಿನದ ನೀರು ಚಿಮುಕಿಸಿ, ಅಮ್ಮ ತಾನಾಗಿ ಇಳಿಯಲಿ ಅಂತ ಕಾಯುತ್ತಾರೆ. ಮನೆಯ ಹೊಸ್ತಿಲನ್ನು ಹೊರಗಿನವರು ದಾಟುವಂತಿಲ್ಲ, ಒಳಗಿನವರು ದಾಟುವಂತಿಲ್ಲ. ಇದು ಗೊತ್ತಿದ್ದೂ ನಾನು ಅರ್ಧ ಲೋಡಿನ ಗಾಡಿಯನ್ನೇ ತಿರುಗಿಸಿ ಅವಳ ಮನೆ ಮುಂದೆ ನಿಲ್ಲಿಸಿದೆ.

ಹೊಸ್ತಿಲ ಮೇಲೆ ಅವಳ ಅತ್ತೆ ಮಾದೇವಮ್ಮ ಕಾವಲು ಕೂತಿದ್ದಳು. ಕೈಯಲ್ಲಿ ಕಡ್ಡಿ ಪೊರಕೆ.

"ಅಲ್ಲೇ ನಿಂತ್ಕಳ್ಲಾ! ಡೀಸಲ್ ವಾಸ್ನ ಒತ್ಕಂಡು ಅಮ್ಮನ ಮುಂದಕ ಬತ್ತಿಯಾ?"

"ಮಾತಾಡ್ಸಕ್ಕೂ ಬ್ಯಾಡ್ವಾ ಅಜ್ಜಿ?"

ಒಳಗಿನಿಂದ ದನಿ ಬಂತು. "ಯಾರ್ಲಾ ಅದು, ದಯಾನಂದನಾ? ನಾನಿಲ್ದೆ ಕೋಸೆಲ್ಲ ಅಳ್ತಾ ಕೂತವಾ?"

ತಮಾಷೆ ಅವಳದೇ. ದನಿ ಮಾತ್ರ ಅವಳದಲ್ಲ. ಮಡಕೆಯೊಳಗಿಂದ ಬಂದ ಹಾಗಿತ್ತು. ಗೋಡೆ ಹಿಡಿದು ಬಾಗಿಲ ತನಕ ಬಂದಳು. ಹಣೆಯ ಬಲ ಅರ್ಧ ಪೂರ್ತಿ ಕೆಂಪು, ನೀರು ತುಂಬಿದ ಗುಳ್ಳೆಗಳು. ಬಲಗಣ್ಣಿನ ರೆಪ್ಪೆ ಊದಿ ಮುಚ್ಚಿಹೋಗಿದೆ. ಎಡ ಅರ್ಧ ಏನೂ ಆಗದ ಹಾಗೆ ತಣ್ಣಗಿದೆ. ನಡುವೆ ದಾರ ಹಿಡಿದು ಗೆರೆ ಎಳೆದ ಹಾಗೆ! ಮೂಗಿನ ತುದಿಯಲ್ಲಿ ಒಂದೇ ಒಂದು ಪುಟ್ಟ ಗುಳ್ಳೆ.

"ಅಕ್ಕ, ಆಸ್ಪತ್ರೆಗ ನಡಿ" ಅಂದೆ.

ಮಾದೇವಮ್ಮ ಎದ್ದು ನಿಂತಳು. "ಸುಮ್ಕಿರ್ಲಾ! ನನ್ನ ತಂಗಿಗ ಅಮ್ಮ ಆಗಿದ್ದಾಗ ನಿಮ್ಮಂತೋರ್ ಮಾತ ಕೇಳಿ ಗಾಡಿ ಕಟ್ಟುದ್ರು. ಅರ್ಧ ದಾರಿ ಓಗಾದ್ಕ ಮುಂಚ ಎರ್ಡು ಕಣ್ಣೂ ಓಯ್ತು. ಸಾಯಗಂಟ ಕುರುಡಿಯಾಗಿದ್ಳು. ಇವಳ್ ಕಣ್ಣ ನಾನು ಬುಟ್ಕೊಡಕಿಲ್ಲ."

ಪೊರಕೆಯನ್ನು ಬಾಗಿಲಿಗೆ ಅಡ್ಡ ಹಿಡಿದಳು. ಸೊಸೆಯ ಕಣ್ಣು ಉಳಿಯಲಿ ಅಂತಲೇ ಮುದುಕಿಯೂ ಹೊಸ್ತಿಲು ಕಾಯುತ್ತಿದ್ದಾಳೆ. ಒಳಗೆ ಮಂಚದ ಮೇಲಿಂದ ಮುರುಗ, "ನಂಗೇನೂ ತೋಚ್ದು ದಯಣ್ಣ" ಅಂದ. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಗಾಡಿಯ ಚಕ್ರಕ್ಕೆ ಒಂದು ಒದ್ದೆ, ಕಾಲು ನೋವಾಯಿತು, ಅಷ್ಟೇ.

ಆಗ ನೆನಪಾಯಿತು, ಅವತ್ತು ಅಂಗನವಾಡಿಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ! ಓಡಿದೆ. ನರ್ಸಮ್ಮ ಸಂಗೀತ ಗೆಟ್ಟವಾಡಿಯವಳು, ಪುಟ್ಟನಂಜಮ್ಮನ ತವರಿನ ಕಡೆಯ ಹುಡುಗಿ. ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಕರೆದುಕೊಂಡು ಬಂದೆ.

ಸಂಗೀತ ಹೊಸ್ತಿಲ ಈಚೆಯೇ ನಿಂತಳು. ಹಣೆ ನೋಡಿದಳು, ರೆಪ್ಪೆ ನೋಡಿದಳು. ಮೂಗಿನ ತುದಿಯ ಆ ಸಣ್ಣ ಗುಳ್ಳೆ ಕಂಡದ್ದೇ ತಡ, ಅವಳ ಮುಖದ ಬಣ್ಣ ಬದಲಾಯಿತು.

"ಇದು ಯಾವಾಗಕ್ಕಾ ಎದ್ದುದ್ದು?"

"ಈಗ್ಲೇ ಬೆಳಗ್ಗ ಕಣವ್ವ. ಸಾಸ್ವ ಕಾಳಷ್ಟದ, ಅದ್ಕ್ಯಾಕ ಎದುರ್ಕತೀಯ?"

"ಅಜ್ಜಿ, ಇದು ಅಮ್ಮ ಅಲ್ಲ. ಅಮ್ಮ ಆದ್ರ ಮೈಯೆಲ್ಲಾ ಏಳ್ಬೇಕಲ್ವಾ? ಒಂದೇ ಕಡ ನಿಂತದ ನೋಡಿ. ಇದು ಸರ್ಪಸುತ್ತು."

ಸೇರಿದ್ದ ಜನರೆಲ್ಲ ಒಟ್ಟಿಗೆ ಬಾಯಿ ಬಿಟ್ಟರು. "ಸರ್ಪ ಸೊಂಟುಕ್ಕಲ್ವಾ ಸುತ್ತದು?" ಅಂದಳು ಒಬ್ಬಳು.

"ಸೊಂಟುಕ್ಕೂ ಬತ್ತದ, ಬೆನ್ಗೂ ಬತ್ತದ, ಅಣೆಗೂ ಬತ್ತದ. ಮೂಗಿನ ತುದಿಗ ಓಗೋ ನರವೂ ಕಣ್ಗ ಓಗೋ ನರವೂ ಒಂದೇ ಬೇರ್ನವು. ಇಲ್ಲಿ ಗುಳ್ಳ ಎದ್ರ ಕಣ್ಣೊಳಕ್ಕೂ ಇಳೀಬೋದು. ಇವತ್ತೇ ಕಣ್ಣು ಡಾಕ್ಟ್ರು ನೋಡ್ಬೇಕು. ನಾಳ ಅನ್ನಂಗಿಲ್ಲ."

ಮಾದೇವಮ್ಮ ಬಾಗಿಲ ಎರಡೂ ಕಡೆ ಕೈ ಚಾಚಿ ನಿಂತಳು. ನಾನು ಬಾಯಿ ತೆರೆಯುವಷ್ಟರಲ್ಲಿ ಸಂಗೀತ ನನ್ನ ತೋಳು ಜಿಗುಟಿದಳು. ಆಮೇಲೆ ಮುದುಕಿಯ ಹತ್ತಿರ ನಿಧಾನಕ್ಕೆ ಹೇಳಿದಳು:

"ಬೇವು ಬ್ಯಾಡ ಅಂತ ನಾನ್ಯಾಕ ಅನ್ಲಿ ಅಜ್ಜಿ? ಬೇವ್ನೂ ತಕಳಿ, ನೀರ್ನೂ ತಕಳಿ, ನೀವೂ ಬನ್ನಿ. ಮನೇಲಿ ಏನೇನ್ ಮಾಡ್ತಿದ್ರೋ ಅದ ಗಾಡೀಲಿ ಮಾಡಿ. ಡಾಕ್ಟ್ರು ಕಣ್ಣ ನೋಡ್ಕಳ್ಳಿ, ನೀವು ಅಮ್ಮನ್ನ ನೋಡ್ಕಳಿ."

ಮುದುಕಿ ಸೊಸೆಯ ಮುಖ ನೋಡಿದಳು. ಪುಟ್ಟನಂಜಮ್ಮ ಒಂದೇ ಕಣ್ಣಲ್ಲಿ ಅತ್ತೆಯನ್ನು ನೋಡಿದಳು.

"ಅತ್ತಮ್ಮ, ಈ ಕಣ್ಣೋದ್ರ ಆನ ಯಾವ್ ಕಡಿಂದ ಬಂತು ಅಂತ ನಾನೆಂಗ ಕಾಣ್ಲಿ?"

ಮಾದೇವಮ್ಮ ಕೈ ಇಳಿಸಿದಳು.

ಆಮೇಲಿನದ್ದು ನೋಡಬೇಕಿತ್ತು! ಇಡೀ ಬೀದಿ ಬೇವಿನ ಮರಕ್ಕೆ ಬಿತ್ತು. ಕೊಂಬೆಗಳು ಬಂದವು, ಹೊರೆ ಹೊರೆ ಸೊಪ್ಪು ಬಂತು. ನನ್ನ ಗಾಡಿಯ ನಾಲ್ಕು ಮೂಲೆಗೂ ಕೊಂಬೆ ಕಟ್ಟಿದರು, ಕನ್ನಡಿಗೆ ಕಟ್ಟಿದರು, ಇಂಜಿನ್ ಮುಂದೆಯೂ ಸಿಕ್ಕಿಸಿದರು. ಕೋಸು ಇಳಿಸಲು ಹೊತ್ತೆಲ್ಲಿ? ಅದರ ಮೇಲೆಯೇ ಸೊಪ್ಪು ಹಾಸಿ, ಚಾಪೆ ಬಿಡಿಸಿ ಪುಟ್ಟನಂಜಮ್ಮನನ್ನು ಕೂರಿಸಿದರು. ಪಕ್ಕದಲ್ಲಿ ಅರಿಶಿನದ ನೀರಿನ ಚೊಂಬು ಹಿಡಿದು ಮಾದೇವಮ್ಮ. ಮುಂದೆ ನನ್ನ ಪಕ್ಕ ಸಂಗೀತ, ಫೋನಿನಲ್ಲಿ ಆಸ್ಪತ್ರೆಯವರ ಜೊತೆ ಮಾತಾಡುತ್ತಾ. ಗಾಡಿ ಹೊರಟಾಗ ಗಾಡಿಯೇ ಕಾಣುತ್ತಿರಲಿಲ್ಲ, ಬೇವಿನ ತೋಪೊಂದು ಎದ್ದು ಓಡುತ್ತಿತ್ತು!

ಗೇರ್ ಮೇಲೆ ಗೇರ್ ಹಾಕಿದೆ. ಪ್ರತಿ ಗುಂಡಿಗೂ ಹಿಂದಿನಿಂದ ಮಾದೇವಮ್ಮನ ಬೈಗುಳ, ಹಿಂದೆಯೇ ಚಿಮುಕಿಸಿದ ನೀರು. ಅದರಲ್ಲಿ ಅರ್ಧ, ಹಿಂಬದಿಯ ಕಿಟಕಿಯಿಂದ ಬಂದು ನನ್ನ ಕತ್ತಿನ ಮೇಲೆ. ಊರು ದಾಟಿ ಕಾಡಂಚಿನ ತಿರುವಿಗೆ ಬಂದೆವು. ತಿರುಗಿಸಿದೆ. ಬ್ರೇಕು!

ರಸ್ತೆಗೆ ಅಡ್ಡಲಾಗಿ ಸಲಗವೊಂದು ನಿಂತಿತ್ತು.

ನನ್ನ ಕೈ ಹಾರನ್ ಮೇಲೆ ಹೋಯಿತು. ಸಂಗೀತ ಪಟ್ ಅಂತ ಹೊಡೆದಳು. "ಕೈ ತೆಗೀರಿ! ಇಂಜಿನ್ ಆಫ್ ಮಾಡ್ಬೇಡಿ, ಸದ್ದು ಮಾಡ್ಬೇಡಿ."

ಈಗ ಪುಟ್ಟನಂಜಮ್ಮ ಒಂದು ಕೂಗು ಹಾಕುತ್ತಾಳೆ, ಆನೆ ಜಾಗ ಬಿಡುತ್ತದೆ ಅಂತ ಕಾದೆ. ಹಿಂದೆ ಉಸಿರಿನ ಸದ್ದೂ ಇಲ್ಲ. ಕನ್ನಡಿಯಲ್ಲಿ ಬೇವಿನ ಎಲೆಗಳ ನಡುವೆ ನೋಡಿದೆ. ಅವಳು ಎರಡೂ ಕೈಯಲ್ಲಿ ಅತ್ತೆಯ ಸೊಂಟ ಹಿಡಿದುಕೊಂಡು, ಜ್ವರ ಬಂದ ಕೂಸಿನ ಹಾಗೆ ನಡುಗುತ್ತಿದ್ದಳು. ಬಾಯಿ ತೆರೆದಿತ್ತು, ದನಿ ಇರಲಿಲ್ಲ.

ಸಲಗ ಸೊಂಡಿಲೆತ್ತಿ ಗಾಳಿ ಮೂಸಿತು. ಕೋಸಿನ ವಾಸನೆ! ಒಂದೊಂದೇ ಹೆಜ್ಜೆ ಇಟ್ಟುಕೊಂಡು ನಮ್ಮ ಕಡೆ ಬಂತು. ನಾನು ರಿವರ್ಸ್ ಹಾಕಿದೆ. ಹಿಂದಿನ ಚಕ್ರ ರಸ್ತೆ ಬದಿಯ ಹಳ್ಳಕ್ಕೆ ಇಳಿಯಿತು, ಗಾಡಿ ಒಂದು ಕಡೆ ವಾಲಿತು, ಎಷ್ಟು ಸಲ ರಿಪೇರಿ ಮಾಡಿಸಿದರೂ ಕೂರದ ಪಕ್ಕದ ಹಲಗೆಯ ಚಿಲಕ ಟಣ್ ಅಂತ ಬಿಚ್ಚಿಕೊಂಡಿತು. ಕೋಸುಗಳು ಧಡಧಡ ಇಳಿಜಾರಿನಲ್ಲಿ ಉರುಳಿದವು. ಒಂದು ನಿಲ್ಲುವಷ್ಟರಲ್ಲಿ ಇನ್ನೊಂದು. "ನನ್ನ ಇಡ್ಕೊಳ್ಲಾ, ನಾನೂ ಉಳ್ಳ್ಕಂಡೋಯ್ತೀನಿ!" ಅಂತ ಮಾದೇವಮ್ಮ ಕಿರುಚಿದಳು.

ಸಲಗ ನಿಂತಿತು. ನಮ್ಮನ್ನು ನೋಡಿತು, ಕೋಸನ್ನು ನೋಡಿತು. ಕಿವಿ ಬಡಿದು, ರಸ್ತೆ ಬಿಟ್ಟು, ಕೋಸಿನ ಹಿಂದೆ ಇಳಿಜಾರಿಗೆ ಇಳಿಯಿತು. ಕರಕ್ ಕರಕ್ ಅಂತ ಅಗಿಯುವ ಸದ್ದು ಕೇಳಿಸಿತು. ನಾನು ಉಸಿರು ಹಿಡಿದು ಕ್ಲಚ್ ಬಿಟ್ಟೆ. ಚಕ್ರ ಮೇಲೆ ಬಂತು. ಹಾರಿಸಿಬಿಟ್ಟೆ!

ಒಂದಷ್ಟು ದೂರ ಹೋದ ಮೇಲೆ ಹಿಂದಿನಿಂದ ಸದ್ದು ಕೇಳಿತು. ಪುಟ್ಟನಂಜಮ್ಮ ನಗುತ್ತಿದ್ದಾಳೆ ಅಂದುಕೊಂಡೆ. ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಸೊಂಟ ಮುರಿದ ಗಂಡನನ್ನು ತಂದು ಮಂಚಕ್ಕೆ ಹಾಕಿದ ದಿನವೂ ಕೇಳಿರಲಿಲ್ಲ.

"ಅವತ್ತೂ ಇಂಗೇ ಆಯ್ತು ಅತ್ತಮ್ಮ. ಅವರ್ಗ ನಾನು ಬುತ್ತಿ ತಕ್ಕಂಡೋಯ್ತಿದ್ದಿ. ಎದುರ್ಗೇ ಆನ ಬಂತು. ಊರ್ನೆಲ್ಲ ಎಬ್ಬುಸ್ತಿದ್ದ ನನ್ನ ಬಾಯಿ, ನಿಮ್ಮ ಮಗನ್ನ ಎತ್ತಿ ಒಗ್ಯಾಗ ಬರ್ನಿಲ್ಲ. ಒಂದ್ ಕೂಗ ಆಕಿದ್ರ ಅವರು ಓಡೋರು. ಕಣ್ಮುಚ್ಚುದ್ರ ಸಾಕು, ಅದೇ ಕಾಣ್ತದ. ಅದ್ಕೇ ನಾನು ಮುಚ್ಚಕಿಲ್ಲ."

ಸಂಗೀತ ಹಿಂದಕ್ಕೆ ತಿರುಗಿದ್ದವಳು ಹಾಗೆಯೇ ಕೂತಿದ್ದಳು. ಕೊನೆಗೆ ಮಾದೇವಮ್ಮನ ದನಿ, ಪೊರಕೆಯ ಹಾಗೆಯೇ ಒರಟು:

"ಮುಂಡೇದೆ, ನೀ ಕೂಗಿದ್ರ ಅದು ನಿನ್ ಕಡ್ಗ ತಿರುಗ್ತಿತ್ತು. ಇಬ್ಬುರ್ನೂ ಕಳ್ಕಂಡು ನಾನೆಂಗ ಬಾಳ್ಲಿ? ಬಾಯಿ ಬರ್ದಿದ್ದೇ ಒಳ್ಳೇದಾಯ್ತು. ಅಳು, ಅಳು. ಆ ಕಣ್ಣ ಮಾತ್ರ ಉಜ್ಕಬ್ಯಾಡ."

ಎರಡು ರಾಜ್ಯಗಳ ಗಡಿಯ ಚೆಕ್‌ಪೋಸ್ಟ್ ಬಂತು. ದಿನಾ ನನ್ನನ್ನು ಇಳಿಸಿ, ಬಾಯಿಗೆ ಬಾಯಿ ಕೊಟ್ಟು, ಕಾಗದ ಪತ್ರ ಎಲ್ಲ ನೋಡಿಯೇ ಬಿಡುವ ಜಾಗ ಅದು. ಬೇವು ಹೊತ್ತ ಗಾಡಿ ಕಂಡದ್ದೇ ಕಾವಲಿನವನು ಓಡಿ ಬಂದು ಗೇಟು ಎತ್ತಿದ, ಚಪ್ಪಲಿ ಬಿಟ್ಟು ಕೈ ಮುಗಿದ. ನಾನೂ ಗಂಭೀರವಾಗಿ ತಲೆ ಆಡಿಸಿ ಮುಂದೆ ಹೋದೆ. ಸಂಗೀತ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ರಂಜಿತ ಅಂತ, ಚಿಕ್ಕ ವಯಸ್ಸಿನವರು. ಸಂಗೀತ ಮೊದಲೇ ಫೋನು ಮಾಡಿದ್ದರಿಂದ ಕಾಯುತ್ತಿದ್ದರು. ಚಿಕ್ಕಂದಿನ ಅಮ್ಮ, ನಿದ್ದೆಗೆಟ್ಟ ಕಾವಲು, ಆನೆಯ ಹೆದರಿಕೆ, ಎಲ್ಲವನ್ನೂ ಅವಳು ಅವರಿಗೆ ಹೇಳಿದಳು. ರೆಪ್ಪೆ ಬಿಡಿಸಿ, ಹಳದಿ ಮದ್ದು ಹಾಕಿ, ನೀಲಿ ದೀಪದಲ್ಲಿ ನೋಡಿದರು. ಮಾದೇವಮ್ಮ ಬಾಗಿಲಲ್ಲಿ ಒಂದು ಬೇವಿನ ಕಡ್ಡಿ ಹಿಡಿದು ನಿಂತಿದ್ದಳು, ಯಾರೂ ತೆಗೆಸಲಿಲ್ಲ.

"ಕಣ್ಣಿನ ಮೇಲ್ಪದರದಲ್ಲಿ ಸಣ್ಣ ಗೀರು ಶುರುವಾಗಿದೆ" ಅಂದರು ಡಾಕ್ಟರು. "ಪೂರ್ತಿ ಉಳಿಯುತ್ತೆ ಅಂತ ಇವತ್ತೇ ಮಾತು ಕೊಡೋಕಾಗಲ್ಲ. ಆದರೆ ಗುಳ್ಳೆ ಎದ್ದು ಮೂರು ದಿನದೊಳಗೆ ಮಾತ್ರೆ ಶುರು ಮಾಡಿದರೆ ಚೆನ್ನಾಗಿ ಕೇಳುತ್ತೆ. ಸಮಯಕ್ಕೆ ಬಂದಿದ್ದೀರಿ."

"ಅಂಗಾರ ಇದು ಅಮ್ಮ ಅಲ್ವಾ ತಾಯಿ?" ಮಾದೇವಮ್ಮ ಕೇಳಿದಳು.

"ಚಿಕ್ಕಂದಿನಲ್ಲಿ ಅಮ್ಮ ಆಗಿತ್ತಲ್ಲ, ಅದರ ವೈರಸ್ಸೇ ಅಜ್ಜಿ ಇದು. ಆಗ ಹೋಗಿರಲಿಲ್ಲ. ನರದ ಬುಡದಲ್ಲಿ ಮಲಗಿತ್ತು. ಮೈಯಲ್ಲಿ ರೋಗ ತಡೆಯೋ ಶಕ್ತಿ ಕಾವಲು ಇರೋ ತನಕ ಅದು ಏಳಲ್ಲ. ಕಾವಲು ಸೋತಾಗ ಎದ್ದು ಬರುತ್ತೆ."

"ನಾನ್ ಏಳ್ನಿಲ್ವಾ ಅಮ್ಮ ಅಂತ!" ಮಾದೇವಮ್ಮ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. ಸಂಗೀತ ಸೋಲು ಒಪ್ಪಿಕೊಂಡ ಹಾಗೆ ಕೈ ಮುಗಿದಳು.

ಪುಟ್ಟನಂಜಮ್ಮ ಕೇಳಿದಳು: "ಅಂಗಾರ ನನ್ನ ಕಾವಲ್ನೋರು ನಿದ್ದ ಒಡದ್ಬುಟ್ಟವ್ರ ಅನ್ನಿ."

"ನಿದ್ದೆ ಹೊಡೆದಿಲ್ಲಮ್ಮ. ನಿದ್ದೆಯಿಲ್ಲದೆ ಸೋತಿದ್ದಾರೆ. ಮನಸ್ಸಿನಲ್ಲಿ ಹೆದರಿಕೆ ಕೂತಾಗ ಮೈ ಏನು ಮಾಡುತ್ತೆ ಗೊತ್ತಾ? ಈಗಲೇ ಆನೆ ಬಂತು, ಓಡು ಅನ್ನೋ ಹಾಗೆ ರಕ್ತಕ್ಕೆ ಒಂದು ರಸ ಬಿಡುತ್ತೆ. ಅರ್ಧ ಗಂಟೆಗಾದರೆ ಅದು ಒಳ್ಳೇದೇ, ಜೀವ ಉಳಿಸುತ್ತೆ. ತಿಂಗಳುಗಟ್ಟಲೆ ಹಾಗೇ ಇದ್ದರೆ ಕಾವಲಿನವರ ಕೈಯೇ ಬಿದ್ದುಹೋಗುತ್ತೆ. ಹೆದರಿಕೆಯೊಂದರಿಂದಲೇ ಇದು ಬಂತು ಅಂತ ನಾನು ಹೇಳಲ್ಲ. ವಯಸ್ಸೂ ಇದೆ, ನಿದ್ದೆ ಕೆಟ್ಟದ್ದೂ ಇದೆ. ಎಲ್ಲಾ ಸೇರಿ."

"ಎಲ್ರೂ ಆನ ಬರ ಕಡ್ಗೇ ನಿಂತ್ಬುಟ್ರು, ಇತ್ಲಿಂದ ಕಾಡಂದಿ ನುಗ್ಬುಡ್ತು" ಅಂದಳು ಪುಟ್ಟನಂಜಮ್ಮ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, "ಸರಿಯಾಗಿ ಹೇಳಿದ್ರಿ" ಅಂತ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. "ಮಾತ್ರೆ ದಿನಕ್ಕೆ ಐದು ಹೊತ್ತು, ತಪ್ಪೋ ಹಾಗಿಲ್ಲ. ಕಣ್ಣಿಗೆ ಮುಲಾಮು. ಇವರು ಇನ್ನು ಕಾವಲಿಗೆ ಹೋಗೋ ಹಾಗಿಲ್ಲ. ಮಲಗಬೇಕು."

ಊರಿಗೆ ಬಂದವನೇ ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಕೂಗಾಡಿದೆ. ಆ ಹೆಂಗಸು ರಾತ್ರಿಯೆಲ್ಲ ಎದ್ದಿರುತ್ತಾಳೆ, ಹಗಲು ನಮ್ಮನ್ನೆಲ್ಲ ನಗಿಸುತ್ತಾಳೆ, ನಾವು ನಕ್ಕೊಂಡು ಟೀ ಕುಡಿಯುತ್ತೇವೆ, ಥೂ ನಮ್ಮ ಜನ್ಮಕ್ಕೆ ಅಂದೆ. "ನೀನ್ಯಾಕ್ಲಾ ಅಂಗ ಆರಾಡೀಯ, ನಾವೇನ್ ಕಾವಲ್ಗ ಬರಾಕಿಲ್ಲ ಅಂದುವಾ?" ಅಂದರು ಅಲ್ಲಿ ಕೂತಿದ್ದವರು. ಅವತ್ತಿನಿಂದ ಅವಳ ರಾಗಿಗೆ ಸರದಿ ಕಾವಲು ಬಿತ್ತು.

ಮಲಗು ಅಂದರೆ ನಿದ್ದೆ ಬಂದುಬಿಡುತ್ತದೆಯೇ? ಬರಲಿಲ್ಲ. ಉರಿ ಬೇರೆ, ಸೂಜಿ ಚುಚ್ಚಿದ ಹಾಗೆ. ಕಣ್ಣು ಮುಚ್ಚಿದರೆ ಅದೇ ಆನೆ. ಕವಿತ ಮತ್ತು ಹೆಂಗಸರು ಸಂಜೆ ಸಂಜೆ ಅವಳ ಜಗಲಿಗೆ ಹೋಗಿ ಕೂರತೊಡಗಿದರು. ಅವಳು ಆ ಬೆಳಗಿನ ಕತೆ ಹೇಳುವಳು, ಅಳುವಳು. ಮತ್ತೆ ಹೇಳುವಳು. ಪ್ರತಿ ಸಲವೂ ಮಾದೇವಮ್ಮ ಅದೇ ಜಾಗದಲ್ಲಿ, "ಮುಂಡೇದೆ, ಕೂಗಿದ್ರ ನಿನ್ ಕಡ್ಗ ತಿರುಗ್ತಿತ್ತು" ಅನ್ನುವಳು. ಬರಬರುತ್ತಾ ಹೆಂಗಸರೂ ಜೊತೆ ಸೇರಿ ಆ ಮಾತು ಹೇಳತೊಡಗಿದರು. ಒಂದು ಸಂಜೆ ಮಂಚದ ಮೇಲಿಂದ ಮುರುಗನೂ ಹೇಳಿದ: "ನೀ ಕೂಗಿದ್ರೂ ನಾ ಓಡಾಕಾಯ್ತಿರ್ನಿಲ್ಲ ಕಣ. ಬಯಕ್ಕ ಕಾಲೇ ಕಿತ್ತಿಡಾಕಾಗ್ನಿಲ್ಲ." ಪುಟ್ಟನಂಜಮ್ಮ ಎದ್ದು ಹೋಗಿ ಅವನ ಮಂಚದ ತುದಿಯಲ್ಲಿ ಕೂತಳಂತೆ.

ಗುಳ್ಳೆಗಳು ಒಣಗಿ ಹೊಟ್ಟು ಉದುರಿದ ಮೇಲೆ ಮತ್ತೆ ಆಸ್ಪತ್ರೆಗೆ ಹೋದೆವು. ಅವತ್ತೇ ಗೊತ್ತಾಗಬೇಕು, ಬಲಗಣ್ಣು ಇದೆಯೋ ಇಲ್ಲವೋ. ದಾರಿಯಲ್ಲಿ ಅವಳು ಒಂದೂ ತಮಾಷೆ ಮಾಡಲಿಲ್ಲ.

ಡಾಕ್ಟರು ನೀಲಿ ದೀಪದಲ್ಲಿ ನೋಡಿದರು. ಎಡಗಣ್ಣಿಗೆ ಮರೆ ಹಿಡಿದು ಗೋಡೆಯ ಮೇಲಿನ ಅಕ್ಷರ ತೋರಿಸಿದರು.

"ನಂಗ ಅಕ್ಸರ ಬರಾಕಿಲ್ಲ ತಾಯಿ" ಅಂದಳು.

"ಸರಿ, ಬಾಗಿಲ ಹತ್ತಿರ ಏನು ಕಾಣುತ್ತೆ ಹೇಳಿ."

ಬಾಗಿಲ ಹತ್ತಿರ ನಾನಿದ್ದೆ. ಆ ಬಲಗಣ್ಣು ನಿಧಾನವಾಗಿ ನನ್ನ ಮೇಲೆ ಬಂತು, ಕೆಳಗಿಳಿಯಿತು, ನಿಂತಿತು. ಆಮೇಲೆ ಆಸ್ಪತ್ರೆಯ ಗೋಡೆ ಅದುರುವ ಹಾಗೆ ಬಂತು ಆ ಹಳೆಯ ಕೂಗು:

"ಲೋ ದಯಾನಂದ! ಅಂಗಿ ಗುಂಡಿ ಒಂದ್ಕೊಂದು ತಪ್ಪಾಗಿ ಆಕಿದ್ದೀಯಲ್ಲಾ! ಎಡ್ತಿ ಕಣ್ಗೂ ಬೀಳ್ನಿಲ್ವಾ?"

ಸಾಲಿನಲ್ಲಿ ಕೂತಿದ್ದವರೆಲ್ಲ ನನ್ನ ಅಂಗಿ ನೋಡಿದರು. ಡಾಕ್ಟರು ನಗು ತಡೆಯಲಾರದೆ ಪೆನ್ನು ಕೆಳಗಿಟ್ಟರು. ಕಣ್ಣು ಉಳಿದಿತ್ತು! ನಾನು ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ವಾಪಸು ಬರುವಾಗ ಗಾಡಿ ಖಾಲಿ. ಹಿಂದೆ ಗೋಣಿಚೀಲಗಳ ಮೇಲೆ ಕೂತು ಒಂದಷ್ಟು ದೂರ ನನ್ನನ್ನು ಬೈದಳು. ಆಮೇಲೆ ಸದ್ದು ನಿಂತಿತು. ಕನ್ನಡಿಯಲ್ಲಿ ನೋಡಿದರೆ, ಕೈ ತಲೆಗೆ ದಿಂಬಾಗಿಟ್ಟುಕೊಂಡು ಎರಡೂ ಕಣ್ಣು ಮುಚ್ಚಿ ಮಲಗಿದ್ದಾಳೆ. ನಟ್ಟ ನಡು ಹಗಲು, ಗುಂಡಿ ರಸ್ತೆ, ಬಾಯಿ ತೆರೆದ ನಿದ್ದೆ. ಚೆಕ್‌ಪೋಸ್ಟಿನವನು ಬಂದು ಜೋರಾಗಿ ಏನೋ ಕೇಳಹೊರಟ. ತುಟಿಯ ಮೇಲೆ ಬೆರಳಿಟ್ಟು ಹಿಂದಕ್ಕೆ ತೋರಿಸಿದೆ. ಅವನು ಇಣುಕಿ ನೋಡಿ, ಸದ್ದಾಗದ ಹಾಗೆ ಗೇಟು ಎತ್ತಿದ.

ಸಲಗ ನಿಂತಿದ್ದ ತಿರುವು ಬಂತು. ದನಗಳು ಅಡ್ಡ ಬಂದಿದ್ದವು. ಯಾವತ್ತೂ ಆ ಜಾಗದಲ್ಲಿ ಹಾರನ್ ಒತ್ತಿ ಒತ್ತಿ ಕಾಡನ್ನೇ ಎಬ್ಬಿಸುವವನು ನಾನು. ಗಾಡಿ ನಿಲ್ಲಿಸಿಕೊಂಡು, ಕೊನೆಯ ಕರು ದಾಟುವ ತನಕ ಕೈ ಕಟ್ಟಿ ಕೂತೆ.